ಕೊಂಕಣಕ್ಕೆ ಹೋದ ಚಪ್ಪಲಿ

ದೀಪಾವಳಿ ಎಂಟು ದಿನ ಇದೆ ಅನ್ನುವಾಗ ನಮ್ಮ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವ ಕಾರ್ಯಕ್ರಮ ಇರುತ್ತದೆ. ಮಂಗಲ, ಅಂದರೆ ನನ್ನ ಹೆಂಡತಿ, ನಿಚ್ಚಣಿಕೆ ಹತ್ತಿ ಅಟ್ಟದೊಳಗೆ ಅರ್ಧ ಮೈ ತೂರಿಸಿ ಒಂದೊಂದೇ ಸಾಮಾನು ಕೆಳಗೆ ಕೊಡುತ್ತಾಳೆ. ನಾನು ಕೆಳಗೆ ನಿಂತು ಇಸಿದುಕೊಳ್ಳುತ್ತೇನೆ, ಸೀನುತ್ತೇನೆ, ಸಲಹೆ ಕೊಡುತ್ತೇನೆ. ಮೊನ್ನೆ ಹಾಗೆ ನಿಂತಿದ್ದಾಗ ಹಳೇ ಪೇಪರಿನಲ್ಲಿ ಸುತ್ತಿದ್ದ ಏನೋ ಒಂದು ಜಾರಿ ನನ್ನ ಹೆಗಲ ಮೇಲೆ ಬಿತ್ತು. ಬಿಚ್ಚಿದರೆ ಚಪ್ಪಲಿ. ಅಥಣಿಯಲ್ಲಿ ಹೇಳಿ ಹೊಲಿಸಿದ್ದು, ಎಡಗಾಲಿನದು, ಒಂಟಿ. ಚರ್ಮದ ವಾಸನೆಯ ಜೊತೆಗೆ ಔಡಲೆಣ್ಣೆಯ ಕಮಟು ವಾಸನೆ ಮೂಗಿಗೆ ಬಡಿದ ಕೂಡಲೇ ನನ್ನ ಅಂಗಾಲು ಜುಮ್ಮೆಂದಿತು.

"ಒಗದ ಬಿಡಲೇನ?" ಎಂದು ಕೇಳಿದೆ.

"ಒಗದ ನೋಡ್ರಿ!" ಎಂದು ಅಟ್ಟದೊಳಗಿಂದ ಉತ್ತರ ಬಂತು. ನಮ್ಮ ಕಡೆ ಒಗೆಯುವುದೆಂದರೆ ಬಿಸಾಡುವುದು. ಮತ್ತೆ ಇದು ಅಪ್ಪಣೆಯಲ್ಲ, ಬೆದರಿಕೆ.

ಇದರ ಬಲಗಾಲಿನ ಜೋಡಿ ಎಲ್ಲಿದೆ ಎಂದು ನೀವು ಕೇಳುತ್ತೀರಿ. ಅದು ಕೊಂಕಣದಲ್ಲಿದೆ. ಹೇಗೆ ಹೋಯಿತು ಅನ್ನುವುದನ್ನು ಹೇಳಬೇಕಾದರೆ ನಾನು ನನ್ನ ಎರಡು ಗುಟ್ಟು ಬಿಟ್ಟುಕೊಡಬೇಕು. ಇರಲಿ, ನಿಮ್ಮ ಮುಂದೆ ಏನು ನಾಚಿಕೆ.

ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಇಪ್ಪತ್ತು ವರ್ಷಕ್ಕೂ ಮೇಲೆ ಕರಿಹಲಗೆಯ ಮೇಲೆ ಸಹ್ಯಾದ್ರಿ ಬರೆದವನು. ಈ ಕಡೆ ಬಿದ್ದ ಮಳೆ ನಮ್ಮ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಆ ಕಡೆ ಬಿದ್ದದ್ದು ಅರಬ್ಬೀ ಸಮುದ್ರಕ್ಕೆ. ನಡುವಿನ ಗೆರೆಗೆ ಜಲವಿಭಾಜಕ ಎನ್ನುತ್ತಾರೆ. ಈ ಶಬ್ದವನ್ನು ನಾನು ಎಷ್ಟು ಠೀವಿಯಿಂದ ಹೇಳುತ್ತಿದ್ದೆನೆಂದರೆ, ಆ ಗೆರೆಯನ್ನು ನಾನೇ ಹೋಗಿ ಎಳೆದು ಬಂದಿರಬೇಕು ಎಂದು ಹುಡುಗರು ನಂಬಿದ್ದರು. ನಿಜ ಹೇಳಬೇಕೆಂದರೆ ನಾನು ಅದನ್ನು ಕಣ್ಣಿಂದ ಕಂಡಿರಲಿಲ್ಲ. ಇದು ಮೊದಲನೆಯ ಗುಟ್ಟು.

ಎರಡನೆಯದು ಇನ್ನೂ ಮುಜುಗರದ್ದು. ನನಗೆ ಎತ್ತರ ಅಂದರೆ ಅಂಜಿಕೆ. ಸ್ಟೂಲಿನ ಮೇಲೆ ನಿಂತರೂ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ನಮ್ಮ ಮನೆಯ ಸ್ಲ್ಯಾಬ್ ಹಾಕಿದ ದಿನ ಪೂಜೆಗೆ ಮೇಲೆ ಬರ್ರಿ ಅಂದರೆ ಕಾಲು ಉಳುಕಿದೆ ಎಂದೆ. ಫ್ಯಾನು ಒರೆಸುವ ಮಾತು ಬಂದರೆ ಪೇಪರು ತಿದ್ದುವುದಿದೆ ಎಂದೆ. ಹೀಗೆ ಮದುವೆಯಾದಾಗಿನಿಂದ ಗಂಡಸುತನ ಕಾಯ್ದುಕೊಂಡು ಬಂದಿದ್ದೆ.

ಇನ್ನು ಮಂಗಲ. ಅವಳು ಏಕಸಂಬಿಯ ಕಡೆಯವಳು, ಎಮ್ಮೆ ಕಟ್ಟಿದ ಮನೆಯ ಮಗಳು. ಹತ್ತು ವರ್ಷದವಳಿದ್ದಾಗ ದೂಧಗಂಗೆಯಲ್ಲಿ ಎಮ್ಮೆ ಮೈ ತೊಳೆಯಲು ಹೋಗಿ ಸೆಳವಿಗೆ ಸಿಕ್ಕಳಂತೆ. ಕೈಗೆ ಸಿಕ್ಕ ಎಮ್ಮೆಯ ಬಾಲ ಬಿಡಲಿಲ್ಲ. ಎಮ್ಮೆ ತನ್ನ ಪಾಡಿಗೆ ತಾನು ಈಜಿ ಮುಂದಿನ ಊರಿನ ದಂಡೆಗೆ ಹತ್ತಿತು, ಬಾಲದ ಜೊತೆ ಮಂಗಲಳೂ ಹತ್ತಿದಳು. ದಂಡೆಯುದ್ದಕ್ಕೂ ಓಡಿ ಬಂದ ಅವಳ ಅವ್ವ ನದಿಗೆ ಕೈ ಮುಗಿದು, "ಯವ್ವಾ, ನನ್ನ ಮಗಳ್ನ ತಿರುಗಿ ಕೊಟ್ಟಿ. ನಿನ್ನ ತವರಿಗೇ ಬಂದು ನಿನಗ ಉಡಿ ತುಂಬತೇನಿ" ಎಂದುಬಿಟ್ಟಳಂತೆ.

ನಮ್ಮ ಕಡೆ ನದಿಗೆ ಉಡಿ, ಅಂದರೆ ಮಡಿಲು, ತುಂಬುವುದು ಹೊಸದೇನಲ್ಲ. ಕುಪ್ಪಸದ ಖಣ, ಅಕ್ಕಿ, ಕಾಯಿ, ಅರಿಷಿಣದ ಕೊಂಬು ತೆಗೆದುಕೊಂಡು ಹತ್ತಿರದ ಹೊಳೆದಂಡೆಯ ಘಾಟಿಗೆ ಹೋದರೆ ಮುಗಿಯಿತು. ಆದರೆ ಈ ತಾಯಿ ಬಾಯಿ ತಪ್ಪಿ ತವರು ಅಂದಿದ್ದಳು. ನದಿಯ ತವರು ಅಂದರೆ ಅದು ಹುಟ್ಟುವ ಗುಡ್ಡ. ಘಾಟಿನಲ್ಲೇ ತುಂಬಿದರೆ ನಡೆದೀತು ಎಂದು ಹಿರಿಯರು ಹೇಳಿದರೂ ಅವಳು ಒಪ್ಪಲಿಲ್ಲ. "ಹರಕಿ ಅಂದ್ರ ಹರಕಿ" ಎಂದು ಒಂದು ಹಸಿರು ಖಣ ತಂದು ಟ್ರಂಕಿನಲ್ಲಿಟ್ಟಳು. ಎಮ್ಮೆ ಬಿಟ್ಟು ಹೋಗುವುದು ಹೇಗೆ? ಇವತ್ತು ಇದು ಕರು ಹಾಕಿತು, ನಾಳೆ ಅದು ಹಾಕೀತು. ಖಣ ಟ್ರಂಕಿನಲ್ಲೇ ಉಳಿಯಿತು. ಕಡೆಗೆ ಹಾಸಿಗೆ ಹಿಡಿದಾಗ ಅದನ್ನು ಮಂಗಲಳ ಕೈಗಿಟ್ಟಳು. ಅವ್ವ ಹೋದ ಮೇಲೆ ಮಂಗಲ ಒಂದು ಹನಿ ಕಣ್ಣೀರು ಹಾಕಲಿಲ್ಲ. "ನನಗ ಇನ್ನ ತವರ ಇಲ್ಲ" ಎಂದು ಒಮ್ಮೆ ಹೇಳಿ ರೊಟ್ಟಿ ಬಡಿಯಲು ಕೂತಳು. ಆ ಸುಮ್ಮನಿರುವಿಕೆ ನನಗೆ ಬಹಳ ದಿನ ಚುಚ್ಚಿತು.

ಹೀಗಾಗಿ ಮೂರು ವರ್ಷದ ಹಿಂದೆ ದೀಪಾವಳಿ ಸೂಟಿಯಲ್ಲಿ, "ನಡಿ, ಉಡಿ ತುಂಬಿ ಬರೂಣು" ಎಂದು ನಾನೇ ಹೇಳಿದೆ. ಭೂಗೋಳದ ಮಾಸ್ತರನ ಉತ್ಸಾಹ ನೋಡಿ! ನಕ್ಷೆ ತೆಗೆದೆ, ದಾರಿಗೆ ಗೆರೆ ಎಳೆದೆ. ಹೊಸ ಅಥಣಿ ಚಪ್ಪಲಿ ಕಚ್ಚಬಾರದೆಂದು ಅಪ್ಪ ಹೇಳಿಕೊಟ್ಟಂತೆ ರಾತ್ರಿಯಿಡೀ ಔಡಲೆಣ್ಣೆಯಲ್ಲಿ ನೆನೆಸಿದೆ. ಅಪ್ಪ ಹೇಳಿದ್ದು ಮೇಲಿನ ಪಟ್ಟಿಗೆ ಮಾತ್ರ. ದೂರದ ನಡಿಗೆ ಎಂದು ನಾನು ಕೆಳಗಿನ ಅಟ್ಟೆಗೂ ಧಾರಾಳವಾಗಿ ಕುಡಿಸಿದೆ. ಈ ಎಡವಟ್ಟನ್ನು ನಮ್ಮ ಕಡೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಚಿಕ್ಕೋಡಿ, ನಿಪ್ಪಾಣಿ ದಾಟಿ, ಮೂರು ಬಸ್ಸು ಬದಲಿಸಿ ಮರಾಠಿ ಸೀಮೆಯಲ್ಲಿ ಘಟ್ಟದ ಬುಡದ ಒಂದು ಹಳ್ಳಿಯಲ್ಲಿ ಇಳಿದೆವು.

ಅಲ್ಲಿಯ ಹಾಲಿನ ಡೇರಿಯ ಮುಂದೆ ಭಿಕೂಮಾಮಾ ಸಿಕ್ಕ. ಅರವತ್ತು ದಾಟಿದ, ಎಮ್ಮೆ ಸಾಕುವ ಧನಗರ ಗವಳಿ. ಗುಡ್ಡದ ಮೇಲಿನ ತನ್ನ ಹಟ್ಟಿಯಿಂದ ದಿನಾಲೂ ಎರಡು ಕ್ಯಾನ್ ಹಾಲು ಹೊತ್ತು ತಂದು ಹಾಕಿ ಹೋಗುವವನು. ಹಟ್ಟಿಯ ಹಿಂದೆಯೇ ನದಿಯ ಝರಿ ಇದೆ, ಬರ್ರಿ ಎಂದ. ನಕ್ಷೆಯ ಪ್ರಕಾರ ಮೂಲ ಇನ್ನೂ ಸ್ವಲ್ಪ ಬಡಗಣಕ್ಕೆ ಇರಬೇಕಲ್ಲ ಎಂದು ನಾನು ತಕರಾರು ತೆಗೆದೆ. ಅವನು ನಕ್ಷೆಯನ್ನು ನೋಡಲೂ ಇಲ್ಲ. "ನದೀಲಾ ಕಾಯ್ ಏಕಚ್ ಆಯಿ ಅಸತೇ, ಗುರುಜೀ?" ಎಂದ. ನದಿಗೇನು ಒಬ್ಬಳೇ ತಾಯಿಯೇ ಎಂದು. ನನ್ನ ನೌಕರಿಯಲ್ಲಿ ಇಷ್ಟು ಒಳ್ಳೆಯ ಭೂಗೋಳ ನಾನು ಕಲಿಸಿಲ್ಲ. ದಾರಿಯುದ್ದಕ್ಕೂ ಅವನೂ ಮಂಗಲಳೂ ಎಮ್ಮೆಗಳ ಬಗ್ಗೆ ಮಾತಾಡಿಕೊಂಡು ನಡೆದರು, ಅವನು ಮರಾಠಿ, ಅವಳು ಅರ್ಧ ಕನ್ನಡ. ನಾನು ಹಿಂದಿನಿಂದ ಏದುಸಿರು ಬಿಡುತ್ತಾ ಜಾರುತ್ತಾ ಏಳುತ್ತಾ ಬಂದೆ. ಹರಕೆ ಎಂದು ಮಂಗಲ ಬರಿಗಾಲಲ್ಲಿದ್ದಳು. ನಾನು ಎಣ್ಣೆಗಾಲಲ್ಲಿದ್ದೆ.

ಎರಡು ತಾಸು ಹತ್ತಿದ ಮೇಲೆ ಗಿಡಮರ ಮುಗಿದು ಗುಡ್ಡದ ಏಣು ಬಂತು. ಅರ್ಧ ಕಿಲೋಮೀಟರ್ ಉದ್ದ, ಅಗಲ ಅಂದರೆ ಕಬ್ಬಿನ ಹೊಲದ ಬದುವಿನಷ್ಟು. ಬಲಕ್ಕೆ ಕೊಂಕಣ, ಕೆಳಗೆ ಎಲ್ಲೋ ಪಾತಾಳದಲ್ಲಿ ಹಸಿರು. ಎಡಕ್ಕೆ ನಮ್ಮ ಸೀಮೆಯ ಕಡೆಯ ಇಳಿಜಾರು. ನಡುವೆ ಇಬ್ಬನಿ ಆರದ ಹುಲ್ಲು, ಮೇಲೆ ಗಾಳಿ. ನಾನು ಇಪ್ಪತ್ತು ವರ್ಷ ಬರೆದು ಅಳಿಸಿದ ಗೆರೆ ಅದೇ. ಭಿಕೂಮಾಮಾ ಖಾಲಿ ಕ್ಯಾನ್ ಎರಡೂ ಕೈಯಲ್ಲಿ ತೂಗಾಡಿಸುತ್ತಾ, ಸಂತೆಗೆ ಹೊರಟವನ ಹಾಗೆ ಹೋಗಿಯೇಬಿಟ್ಟ. ನಾನು ಹತ್ತು ಹೆಜ್ಜೆ ಇಟ್ಟೆ. ಎಣ್ಣೆ ಕುಡಿದ ಅಟ್ಟೆ ಒಮ್ಮೆ ಸರ್‍ರನೆ ಜಾರಿತು. ಅಲ್ಲೇ ಕೂತೆ. ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡು ಕಣ್ಣು ಮುಚ್ಚಿದೆ.

"ಏನಾತ್ರಿ? ಕಾಲ ಉಳಕಿತೇನು?" ಮಂಗಲ ಮುಂದಿನಿಂದ ತಿರುಗಿ ಕೇಳಿದಳು.

ಹೌದು ಎನ್ನಬಹುದಿತ್ತು. ನಾಲಗೆ ತುದಿಗೆ ಬಂದಿತ್ತು ಕೂಡ. ಆದರೆ ಅಷ್ಟು ಎತ್ತರದಲ್ಲಿ ಸುಳ್ಳು ಹೇಳಲಿಕ್ಕೂ ಧೈರ್ಯ ಬೇಕು ನೋಡಿ. "ಇಲ್ಲ ಮಂಗಲ. ನನಗ ಎತ್ತರ ಅಂದ್ರ ಅಂಜಿಕಿ. ಮೊದಲಿಂದೂ" ಎಂದೆ.

ಅವಳು ನಿಂತಲ್ಲೇ ಲೆಕ್ಕ ಹಾಕಿದ್ದು ಮುಖದ ಮೇಲೆ ಕಾಣುತ್ತಿತ್ತು. "ಅಂದ್ರ ಸ್ಲ್ಯಾಬ್ ಪೂಜಾದ ದಿನಾ?"

"ಉಳಕಿದ್ದಿಲ್ಲ."

"ಫ್ಯಾನ?"

"ಹೂಂ."

"ಮದವ್ಯಾದಾಗಿಂದ ಅಟ್ಟದ ಮ್ಯಾಲಿನ ಹಪ್ಪಳದ ಡಬ್ಬಿ ನಾನ ಇಳಸೇನಲ್ರಿ!"

ಆಮೇಲೆ ಅವಳಿಗೆ ನಗು ಬಂತು. ಎರಡೂ ಕಡೆ ಪ್ರಪಾತವಿರುವ ಜಾಗದಲ್ಲಿ, ತಲೆಯ ಮೇಲೆ ಉಡಿಯ ಗಂಟು ಇಟ್ಟುಕೊಂಡು, ಸೆರಗು ಬಾಯಿಗೆ ಒತ್ತಿ ನಕ್ಕಳು. ಗಂಟು ಅಲುಗಲಿಲ್ಲ. ನಗು ಮುಗಿದ ಮೇಲೆ ಮೆತ್ತಗೆ, "ನೀವು ಇಲ್ಲೇ ಕುಂದರ್ರಿ. ಉಡಿ ತುಂಬೂದು ಹೆಂಗಸರ ಕೆಲಸ. ನಾ ಹೋಗಿ ಬರತೇನಿ" ಎಂದಳು.

ಅದು ನ್ಯಾಯವಾದ ಮಾತೇ. ನಾನು ಕೂತರೂ ಹರಕೆ ತೀರುತ್ತಿತ್ತು. ಆದರೆ ಅವಳು ಹೊರಟು ಹತ್ತು ಹೆಜ್ಜೆ ಹೋದದ್ದನ್ನು ಒಂದು ಕಣ್ಣು ತೆರೆದು ನೋಡಿದೆ. ಅವ್ವ ಇಲ್ಲದ ಹೆಣ್ಣುಮಗಳು ಅವ್ವನ ಹರಕೆ ಹೊತ್ತು ಒಬ್ಬಳೇ ಆ ಏಣಿನ ಮೇಲೆ ನಡೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ತಡಿ, ಬರತೇನಿ" ಎಂದು ಕೂಗಿದೆ. "ಖರೆ, ಹ್ಯಾಂಗ ಬರೂದು ಹೇಳು."

ಅವಳು ಹಿಂದೆ ಬಂದು ಮೊದಲು ನನ್ನ ಚಪ್ಪಲಿ ಬಿಡಿಸಿದಳು. ಆಮೇಲೆ ಹೇಳಿದಳು: "ಬದುವಿನ ಮ್ಯಾಲ ಮೇವಿನ ಹೊರಿ ಹೊತ್ತು ಸಾಲಾಗಿ ಹೋಗಬೇಕಾದ್ರ ನಾವು ಆಜೂಬಾಜೂ ನೋಡೂದಿಲ್ರಿ. ಮುಂದಿನಾಕಿ ಹಿಮ್ಮಡ ನೋಡತೇವಿ. ಆಕಿ ಇಟ್ಟಲ್ಲೆ ಇಡೂದು. ಅಷ್ಟ."

ನಾನು ಅವಳ ಹಿಮ್ಮಡ ನೋಡಿದೆ. ಅಷ್ಟು ವರ್ಷ ಸಂಸಾರ ಮಾಡಿ ಅವನ್ನು ಹಾಗೆ ನೋಡಿದ್ದು ಅದೇ ಮೊದಲು. ಬಿರುಕು ಬಿಟ್ಟು ಕರಿ ನೆಲದ ಹಾಗಾಗಿದ್ದವು. ಎಡ ಹಿಮ್ಮಡದಲ್ಲಿ ಒಂದು ಹಳೆಯ ಗಾಯದ ಕಲೆ. ಯಾವಾಗ ಆಗಿತ್ತೋ, ನಾನು ಕೇಳಿರಲಿಲ್ಲ. ಅವು ಏಳುತ್ತಿದ್ದವು, ಕೂರುತ್ತಿದ್ದವು. ಅವು ಇದ್ದಲ್ಲಿ ನಾನು ಕಾಲಿಟ್ಟೆ. ಗಾಳಿ ಬೀಸಿದಾಗ ಅವು ನಿಲ್ಲುತ್ತಿದ್ದವು, ನಾನೂ ನಿಲ್ಲುತ್ತಿದ್ದೆ. ಆ ಹಿಮ್ಮಡಗಳ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದು ಹೇಳಿದರೆ ನೀವು ನಗುತ್ತೀರಿ. ನಗಿರಿ, ಬಂದದ್ದು ನಿಜ.

ಚಪ್ಪಲಿಗಳನ್ನು ನನ್ನ ಹೆಗಲ ಚೀಲದೊಳಗೆ ಇಡುವಂತಿರಲಿಲ್ಲ. ಒಳಗೆ ಬುತ್ತಿಯ ರೊಟ್ಟಿ ಇತ್ತು. ಹೊರಗಿನ ಪಟ್ಟಿಗೆ ಕಟ್ಟಿದ್ದೆ. ಎಣ್ಣೆಯ ಗಂಟು ಎಷ್ಟು ಹೊತ್ತು ನಿಂತೀತು? ನಡುಮಧ್ಯದಲ್ಲಿ ಬಲಗಾಲಿನದು ಕಳಚಿ, ಒಮ್ಮೆ ಕಲ್ಲಿಗೆ ಬಡಿದು, ಕೊಂಕಣದ ಕಡೆ ಹಾರಿಹೋಯಿತು. ಬೀಳುವ ಸದ್ದಿಗೆ ಕಾದೆ. ಬರಲೇ ಇಲ್ಲ.

"ಏನ ಬಿತ್ರಿ?" ಮಂಗಲ ತಿರುಗದೆ ಕೇಳಿದಳು.

"ಬಲಗಾಲಿನ ಚಪ್ಪಲಿ. ಅರಬ್ಬೀ ಸಮುದ್ರಕ್ಕ ಹೋತು."

"ಮತ್ತ ಎಡಗಾಲಿಂದು?"

"ಅದಿನ್ನೂ ನಮ್ಮ ಕಡೆ ಐತಿ."

ಇಬ್ಬರಿಗೂ ಒಟ್ಟಿಗೆ ನಗು ಬಂತು. ಏಣಿನ ಮೇಲೆ ನಿಂತು ನಗುವುದು ಬಲು ಅಪಾಯದ ಕೆಲಸ, ಆದರೆ ನಕ್ಕವನ ಮೊಣಕಾಲು ನಡುಗುವುದನ್ನು ಮರೆಯುತ್ತದೆ ಎಂದು ಆಗ ತಿಳಿಯಿತು. ಉಳಿದ ದಾರಿ ದಾಟಿದ್ದು ಹೇಗೋ ಗೊತ್ತಿಲ್ಲ. ಕಾಲ ಕೆಳಗೆ ಸಗಣಿ ಸಾರಿಸಿದ ಅಂಗಳ ಬಂದಾಗ ತಲೆ ಎತ್ತಿದೆ.

ಝರಿ ಅಂದರೆ ದೊಡ್ಡದೇನೂ ಅಲ್ಲ. ಹಟ್ಟಿಯ ಹಿಂದೆ ಎರಡು ಕಲ್ಲಿನ ಸಂದಿಯಿಂದ ನನ್ನ ಬೆರಳಿನಷ್ಟು ನೀರು ಬರುತ್ತಿತ್ತು. ಏಕಸಂಬಿಯ ಹತ್ತಿರ ಎಮ್ಮೆಯನ್ನೂ ಹುಡುಗಿಯನ್ನೂ ಒಟ್ಟಿಗೆ ಹೊತ್ತೊಯ್ದ ನದಿ ಇದೇ ಎಂದರೆ ನಂಬುವುದು ಕಷ್ಟ. ಮಂಗಲ ನೀರಿಗೆ ಅರಿಷಿಣ ಕುಂಕುಮ ಹಚ್ಚಿ, ಹಸಿರು ಖಣ ಕಲ್ಲಿನ ಮೇಲೆ ಹರವಿ, ಅಕ್ಕಿ, ಕೊಂಬು, ಕಾಯಿ ಇಟ್ಟಳು. "ಅವ್ವಗ ಬರಾಕ ಆಗಲಿಲ್ಲ. ನಾ ಬಂದೇನಿ" ಎಂದಳು. ಕಣ್ಣು ಆಗಲೂ ಒಣಗಿಯೇ ಇತ್ತು.

ಕೈ ಒರೆಸಿಕೊಂಡು ತಿರುಗಿದಾಗ ಭಿಕೂಮಾಮಾನ ಹೆಂಡತಿ ಮೊರದಲ್ಲಿ ನಾಚಣಿ ಹಿಡಿದು ನಿಂತಿದ್ದಳು. ನಾಚಣಿ ಅಂದರೆ ರಾಗಿ, ಆ ಗುಡ್ಡದಲ್ಲಿ ಬೆಳೆಯುವುದು ಅದೊಂದೇ. "ಸೆರಗು ಹಿಡಿ" ಎಂದು ಸನ್ನೆ ಮಾಡಿದಳು. ಮಂಗಲಳಿಗೆ ತಿಳಿಯಲಿಲ್ಲ. ಆಗ ಮಾಮಿ ಗದರಿದಂತೆ ಹೇಳಿದಳು: "ಮಾಹೇರೀ ಆಲೀಸ್, ರಿಕಾಮೀ ಕಶೀ ಜಾಶೀಲ್ ಗ?" ತವರಿಗೆ ಬಂದವಳು ಬರೀ ಉಡಿಯಲ್ಲಿ ಹೇಗೆ ಹೋಗುತ್ತೀಯೇ, ಎಂದು. ಐದು ಸಲ ಬೊಗಸೆ ತುಂಬಿ ಅವಳ ಸೆರಗಿಗೆ ನಾಚಣಿ ಸುರಿದಳು.

ಆಗ ಮಂಗಲ ಅತ್ತಳು. ಗುರುತಿಲ್ಲದ ಆ ಹೆಂಗಸಿನ ಹೆಗಲಿಗೆ ತಲೆ ಇಟ್ಟು, ಅವ್ವ ಹೋದಂದಿನಿಂದ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ನನಗೂ ಅಳು ಬಂತು. ಗಾಳಿಗೆ ಕಣ್ಣಲ್ಲಿ ಕಸ ಬಿತ್ತು ಎಂದು ಭಿಕೂಮಾಮಾನಿಗೆ ಹೇಳಿದೆ. ಅವನು ನನ್ನ ಬರಿಗಾಲು ನೋಡಿ, "ಜಾವಯಿಬಾಪೂ, ತಾಕ ಪ್ಯಾ" ಎಂದು ಒಂದು ಚರಿಗೆ ಮಜ್ಜಿಗೆ ಕೈಗಿಟ್ಟ. ನೋಡಿ, ಏಣು ದಾಟುವ ಮೊದಲು ಗುರುಜಿ ಆಗಿದ್ದವನು ದಾಟಿದ ಮೇಲೆ ಅಳಿಯದೇವರಾಗಿದ್ದೆ.

ಅಂದಿನಿಂದ ಪ್ರತಿ ದೀಪಾವಳಿಗೂ ಮಾಮಿಯ ಫೋನು ಬರುತ್ತದೆ, ನಮ್ಮ ಮಗಳನ್ನು ತವರಿಗೆ ಕರೆದುಕೊಂಡು ಬಾ ಎಂದು. ಹೋದ ವರ್ಷ ನನಗೆ ಮೊಣಕಾಲು ನೋವು ಎಂದೆ. ಅದರ ಹಿಂದಿನ ವರ್ಷ ಶಾಲೆಯ ಕೆಲಸ ಎಂದೆ. ಮಂಗಲ ನನ್ನ ಮುಖ ನೋಡಿ, ಬರುವ ವರ್ಷ ಬರುತ್ತೇವೆ ಎಂದು ಮಾಮಿಗೆ ಹೇಳಿದಳು. ಅಂಜಿಕೆ ಒಮ್ಮೆ ಏಣು ದಾಟಿದರೆ ಹೋಗುತ್ತದೆಂದು ನೀವು ತಿಳಿದಿದ್ದರೆ, ಹೋಗುವುದಿಲ್ಲ. ನಮ್ಮ ಜೊತೆಗೇ ಬಸ್ಸು ಹತ್ತಿ ತಿರುಗಿ ರಾಯಬಾಗಕ್ಕೆ ಬರುತ್ತದೆ.

ಮೊನ್ನೆ ಆ ಒಂಟಿ ಚಪ್ಪಲಿ ಹಿಡಿದು ನಿಂತಿದ್ದಾಗ ಮಂಗಲ ಕೆಳಗಿಳಿದು ಬಂದಳು. ಮೂಗಿನ ಮೇಲೆ ಜೇಡರ ಬಲೆ. "ಮಾಮಿ ಫೋನ್ ಬಂದಿತ್ರಿ" ಎಂದಳು. ಅಷ್ಟೇ, ಹೋಗೋಣ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಚಪ್ಪಲಿ ಮೇಲಿಡಲು ಕೈ ಚಾಚಿದಳು.

ನಾನು ಕೊಡಲಿಲ್ಲ. "ನಿಚ್ಚಣಿಕಿ ಗಟ್ಟಿ ಹಿಡಕೋ" ಎಂದೆ.

ಒಂದು ಮೆಟ್ಟಿಲು, ಎರಡು ಮೆಟ್ಟಿಲು. ಮೂರನೆಯದರ ಮೇಲೆ ಮೊಣಕಾಲು ತನ್ನ ಹಳೆಯ ಹಾಡು ಶುರು ಮಾಡಿತು. ಮುಂದೆ ಯಾರ ಹಿಮ್ಮಡವೂ ಇರಲಿಲ್ಲ. ಹಪ್ಪಳದ ಡಬ್ಬಿ, ಹಳೇ ತೊಟ್ಟಿಲು, ಧೂಳು. ಚಪ್ಪಲಿಯನ್ನು ಒಳಗೆ ಸರಿಸಿದೆ.

"ಕೆಳಗ ನೋಡಬ್ಯಾಡ್ರಿ!" ಎಂದಳು ಮಂಗಲ.

"ಮಾಮಿಗೆ ಫೋನ್ ಹಚ್ಚು. ನಾಳೆ ಬಿಟ್ಟು ನಾಡದ ಬರತೇವಿ ಅಂತ ಹೇಳು" ಎಂದೆ.

ಬೇಡ ಅಂದಿದ್ದರೂ ನಾನು ಕೆಳಗೆ ನೋಡಿದೆ. ಮಂಗಲ ಎರಡೂ ಕೈಯಲ್ಲಿ ನಿಚ್ಚಣಿಕೆ ಹಿಡಿದುಕೊಂಡು, ಮುಖ ಮೇಲೆತ್ತಿ, ತವರಿಗೆ ಹೊರಟ ಹುಡುಗಿಯ ಹಾಗೆ ನಗುತ್ತಿದ್ದಳು.