ಜೇನುಮೇಣದ ಕ್ಲಿಪ್ಪು

ಪ್ರತಿಭಾ ನಾಯ್ಕರಿಗೆ ಯಾರನ್ನು ಕಂಡರೂ ಮೊದಲು ಕಾಣುವುದು ಹಲ್ಲು. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೇಳುತ್ತಿದ್ದರೆ ಅವರು ಅವನ ಕೆಳದವಡೆಯ ಓರೆ ಹಲ್ಲು ನೋಡುತ್ತಿರುತ್ತಾರೆ. ಶಿರಸಿಯ ದಂತ ಚಿಕಿತ್ಸಾಲಯವೊಂದರಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಕೆಲಸವಿಲ್ಲದಾಗಲೂ ಕೈ ಸುಮ್ಮನಿರುವುದಿಲ್ಲ. ದುಪಟ್ಟದ ಅಂಚಿನ ದಾರ ಸುತ್ತುತ್ತದೆ, ಬಿಚ್ಚುತ್ತದೆ. ಸಿದ್ದಾಪುರ ತಾಲ್ಲೂಕಿನ ಮನ್ಮನೆಯಲ್ಲಿ ಬಾಳೆನಾರಿನಲ್ಲಿ ಹೂವಿನ ದಂಡೆ ಕಟ್ಟುತ್ತ ಬೆಳೆದ ಕೈ ಅದು. ಆ ಬೆರಳು ನೋಡಿಯೇ ಡಾಕ್ಟರು ದಾಕ್ಷಾಯಿಣಿ ಕೆಲಸಕ್ಕೆ ತೆಗೆದುಕೊಂಡಿದ್ದರು.

ಆಗೆಲ್ಲ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ಬಾಯಿಗೆ ಕರವಸ್ತ್ರ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. ಈಗ ತಂತಿಯನ್ನು ಹಿಡಿದಿಡುವ ಪುಟ್ಟ ರಬ್ಬರ್ ಉಂಗುರಗಳ ಬಣ್ಣ ಆರಿಸಲಿಕ್ಕೇ ಅರ್ಧ ಗಂಟೆ ಬೇಕು. ಅಣ್ಣನ ಮದುವೆಯ ಲಂಗಕ್ಕೆ ಹೊಂದುವ ನೇರಳೆ ಕೇಳುವವರಿದ್ದಾರೆ. ಬಿಳಿ ಕೇಳಿದವರಿಗೆ, ಅರಿಶಿನ ಹಾಕಿದ ಸಾರು ಉಂಡರೆ ಮರುದಿನವೇ ಹಳದಿಯಾಗುತ್ತದೆ ಎಂದು ಪ್ರತಿಭಾ ಎಚ್ಚರಿಸುತ್ತಾರೆ.

ಕಳೆದ ವರ್ಷ ಉಮ್ಮಚಗಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಹಲ್ಲು ದಾಳಿಂಬೆ ಕಾಳು ಜೋಡಿಸಿದ ಹಾಗಿತ್ತು. ಆದರೂ ಕ್ಲಿಪ್ ಬೇಕು, ಬರೀ ಚೆಂದಕ್ಕೆ. ನೆಟ್ಟಗಿರುವ ಹಲ್ಲಿಗೆ ತಂತಿ ಬಿಗಿದರೆ ಇರುವುದೂ ಕೆಡುತ್ತದೆ ಎಂದು ದಾಕ್ಷಾಯಿಣಿ ವಾಪಸು ಕಳಿಸಿದರು. ಆ ಹುಡುಗಿ ಹೋದ ಮೇಲೆ ಪ್ರತಿಭಾಗೆ ನೆಮ್ಮದಿಯಿರಲಿಲ್ಲ. ಕಿವಿ, ಮೂಗು ಚುಚ್ಚಿಸಿಕೊಂಡಾದರೂ ಒಡವೆ ಹಾಕುತ್ತೇವೆ. ಬಿಗಿಯದೆ ಸುಮ್ಮನೆ ಅಂಟಿಕೊಂಡಿರುವ ಕ್ಲಿಪ್ಪು ಯಾಕಾಗಬಾರದು? ಕಸದ ಡಬ್ಬಿಗೆ ಹೋಗಬೇಕಿದ್ದ ತಂತಿಯ ತುಂಡುಗಳು ಒಂದೊಂದಾಗಿ ಅವರ ಮಾತ್ರೆ ಡಬ್ಬಿ ಸೇರತೊಡಗಿದವು. ಡಾಕ್ಟರಿಗೆ ಹೇಳಲಿಲ್ಲ.

ಅಣ್ಣ ಮನೋಹರನ ಮಗಳು ಅನುಶ್ರೀ ಪಿಯುಸಿಯಲ್ಲಿದ್ದಾಳೆ. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಅವಳದೊಂದು ಹಾಡು ಇತ್ತು. ತರಗತಿಯ ಇಬ್ಬರು ಕ್ಲಿಪ್ ಹಾಕಿಸಿಕೊಂಡು ರೀಲ್ಸ್ ಮಾಡುತ್ತಿದ್ದರು. ತನಗೂ ಒಂದು ದಿನದ ಮಟ್ಟಿಗೆ ಬೇಕೆಂದು ಅತ್ತೆಯ ಬೆನ್ನುಹತ್ತಿದಳು. ಪ್ರತಿಭಾ ಎರಡು ಸಲ ಆಗುವುದಿಲ್ಲ ಎಂದರು. ಮೂರನೆಯ ಸಲ ಅಳತೆ ತೆಗೆದುಕೊಂಡರು.

ಮೇಲಿನ ಆರು ಹಲ್ಲಿಗೆ ಎರಡು ತುಂಡು ತಂತಿ. ಒಂದೊಂದಕ್ಕೆ ಮೂರು ನೀಲಿ ಮಣಿ. ದಂಡೆ ಕಟ್ಟಿ ಮುಗಿಸುವಾಗ ನಾರಿನ ತುದಿಯನ್ನು ಹಿಂದಕ್ಕೆ ಮಡಚುವುದು ಮನ್ಮನೆಯ ಹೆಂಗಸರ ರೂಢಿ. ತಂತಿಯ ತುದಿಗಳನ್ನೂ ಕೈ ತಾನಾಗಿ ಹಾಗೇ ಮಡಚಿತು, ಸಾಸಿವೆ ಗಾತ್ರದ ಉಂಗುರವಾಗಿ. ಅಂಟಿಸಲು ಕ್ಲಿನಿಕ್ಕಿನ ಅಂಟನ್ನು ಅವರು ಮುಟ್ಟಲಿಲ್ಲ. ಅದನ್ನು ತೆಗೆಯಬೇಕಾದರೆ ಯಂತ್ರವೇ ಬೇಕು. ತಾಯಿ ವೆಂಕಮ್ಮನ ಜೇನುಪೆಟ್ಟಿಗೆಯ ಮೇಣವಿತ್ತು.

ಗ್ಯಾದರಿಂಗಿನ ಬೆಳಿಗ್ಗೆ ಮನ್ಮನೆಯ ಜಗಲಿಯಲ್ಲಿ ಅಂಟಿಸಿದರು. ಅನುಶ್ರೀ ಕನ್ನಡಿ ಬಿಡಲಿಲ್ಲ. ಹಿಂದೆ ಊರಿನಲ್ಲಿ ಚಿನ್ನದ ಹಲ್ಲು ಕಟ್ಟಿಸಿಕೊಂಡವನೊಬ್ಬ ಸಾವಿನ ಮನೆಯಲ್ಲೂ ನಗುತ್ತಿದ್ದನೆಂದು ವೆಂಕಮ್ಮ ನೆನಪಿಸಿದರು.

“ಕಿವಿಗೆ ಆತು, ಮೂಗಿಗೆ ಆತು, ಈಗ ಹಲ್ಲಿಗೆ. ನಾಲಗೆಗೆ ಗೆಜ್ಜೆ ಯಾವಾಗ ಕಟ್ತಿರೆ?”

ಹಾಡುವ ಹುಡುಗಿಯ ಗಂಟಲು ಸ್ವಲ್ಪ ಕಟ್ಟಿತ್ತು. ಅಜ್ಜಿ ಕಾಳುಮೆಣಸು ಹಾಕಿ ಕುದಿಸಿದ ಕಷಾಯ ಕೊಟ್ಟರು, ಹಬೆಯಾಡುತ್ತಿದ್ದಂತೆಯೇ. ಅದು ಆ ಮನೆಯ ದಿನನಿತ್ಯದ ಕುಡಿತ. ಬಿಸಿಗೆ ಮೇಣ ಕರಗುತ್ತದೆಂದು ಬಲ್ಲ ಮೂವರೂ ಅಲ್ಲೇ ಇದ್ದರೂ ಯಾರಿಗೂ ಏನೂ ಹೊಳೆಯಲಿಲ್ಲ. ಎರಡನೇ ಗುಟುಕಿಗೆ ಒಂದು ತುಂಡು ಲೋಟಕ್ಕೆ ಬಿತ್ತು. ಅನುಶ್ರೀ ಗಾಬರಿಯಿಂದ ಬಾಯಲ್ಲಿದ್ದುದನ್ನು ನುಂಗಿದಳು. ಆಮೇಲೆ ನಾಲಗೆ ಆಡಿಸಿ ನೋಡಿಕೊಂಡಳು.

“ಅತ್ತೆ, ಈ ಬದಿದು ಇಲ್ಲೆ.”

ಲೋಟ ಬಸಿದರು. ಅವಳ ಮಡಿಲು, ಚಾಪೆ, ಜಗಲಿಯ ಸಂದು ಎಲ್ಲ ತಡಕಿದರು. ಹುಡುಗಿ ಕೆಮ್ಮುತ್ತಿರಲಿಲ್ಲ, ಉಸಿರು ಸಲೀಸಾಗಿತ್ತು. ಹಾಗಿದ್ದರೆ ಹೊಟ್ಟೆಗೇ ಹೋಗಿರಬೇಕು. ತಂತಿಯ ತುದಿ ಕರುಳಿಗೆ ಚುಚ್ಚಿದರೆ ಏನಾಗುತ್ತದೆಂದು ಆ ಮನೆಯಲ್ಲಿ ಪ್ರತಿಭಾಗೆ ಮಾತ್ರ ಗೊತ್ತಿತ್ತು. ವೆಂಕಮ್ಮ ಆಗಲೇ ಬಾಳೆಹಣ್ಣು ಸುಲಿಯುತ್ತಿದ್ದರು, ಮೀನಿನ ಮುಳ್ಳಿಗೆ ಕೊಡುವ ಹಾಗೆ. ಪ್ರತಿಭಾ ಅಂಗಳಕ್ಕೆ ಇಳಿದು ಫೋನ್ ಹಿಡಿದು ಎರಡು ಸುತ್ತು ಹಾಕಿದರು. ಸುಮ್ಮನೆ ಯಾವುದೋ ಆಸ್ಪತ್ರೆಗೆ ಒಯ್ದು ಪಿನ್ನು ನುಂಗಿದ್ದಾಳೆ ಎನ್ನಬಹುದಿತ್ತು. ಕೆಲಸ ಉಳಿಯುತ್ತಿತ್ತು. ಆದರೆ ಅದು ಯಾವ ತಂತಿ, ಎಷ್ಟು ಗಡುಸು ಎಂದು ಸರಿಯಾಗಿ ಹೇಳಬಲ್ಲವರು ದಾಕ್ಷಾಯಿಣಿ ಒಬ್ಬರೇ. ಅವರಿಗೇ ಫೋನ್ ಮಾಡಿ ನಡೆದದ್ದನ್ನು ಹೇಳಿದರು.

“ಮೇಡಂ, ತಂತಿ ನಮ್ಮ ಕ್ಲಿನಿಕ್ಕಿಂದು. ನಾನೇ ತಂದಿದ್ದು.”

ದಾಕ್ಷಾಯಿಣಿ ಬಾಳೆಹಣ್ಣೂ ಬೇಡ, ನೀರೂ ಬೇಡ, ನೇರವಾಗಿ ಶಿರಸಿಯ ಆಸ್ಪತ್ರೆಗೆ ಕರೆತನ್ನಿ ಎಂದರು. ಮನೋಹರ ಓಮ್ನಿ ಓಡಿಸಿದ. ಪ್ರತಿಭಾ ಪ್ರತಿ ತಿರುವಿನಲ್ಲೂ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋವುಂಟೇ ಎಂದು ಕೇಳುತ್ತಿದ್ದರು. ಕೊನೆಗೆ ಅನುಶ್ರೀಯೇ ಆ ಕೈ ಹಿಡಿದು ಪಕ್ಕಕ್ಕಿಟ್ಟಳು.

ಎಕ್ಸ್‌ರೇಯಲ್ಲಿ ತಂತಿ ಹೊಟ್ಟೆಯಲ್ಲಿತ್ತು. ಬಿಳಿ ಗೆರೆ, ಎರಡೂ ತುದಿಗೆ ಸಣ್ಣ ಸುತ್ತು. ಚೂಪು ತುದಿಯಿಲ್ಲ, ತಾನಾಗಿ ಹೋಗುತ್ತದೆ, ಕಾಯೋಣ ಎಂದರು ಆಸ್ಪತ್ರೆಯವರು. ಅಲ್ಲಿಗೇ ಬಂದಿದ್ದ ದಾಕ್ಷಾಯಿಣಿ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ತುದಿ ಮಡಚಿದವರು ಯಾರ್ರಿ?”

“ನಾನೇ. ಕೈ ರೂಢಿ.”

“ಆ ರೂಢಿ ಇರ್ಲಿಲ್ಲಂದ್ರ ಇವತ್ತು ಕೊಯ್ಯೂದು ಬರ್ತಿತ್ತು. ಸೋಮವಾರ ಬರ್ರಿ. ಆ ಡಬ್ಬಿ ತಗೊಂಡ ಬರ್ರಿ.”

ಸೋಮವಾರ ಡಬ್ಬಿ ಖಾಲಿಯಾಯಿತು. ಮಂಗಳವಾರ ತೆಗೆದ ಫಿಲ್ಮಿನಲ್ಲಿ ಗೆರೆ ಇರಲಿಲ್ಲ. ಅನುಶ್ರೀಯ ಹಾಡನ್ನು ಬೇರೆ ಯಾರೋ ಹಾಡಿದ್ದರು. ಅತ್ತೆಯ ಫೋನನ್ನು ಅವಳು ಎತ್ತಿದ್ದು ಹದಿನೈದು ದಿನದ ಮೇಲೆ. ಕ್ಲಿನಿಕ್ಕಿನಲ್ಲಿ ಈಗ ತಂತಿ ಕತ್ತರಿಸುವುದೂ ತುಂಡುಗಳನ್ನು ಎಣಿಸಿ ಎಸೆಯುವುದೂ ಡಾಕ್ಟರೇ. ಪ್ರತಿಭಾ ಪಾಲಿಗೆ ಉಳಿದಿರುವುದು ಬಣ್ಣದ ಪಟ್ಟಿ ತೋರಿಸುವ ಕೆಲಸ. ಬೆರಳುಗಳು ದುಪಟ್ಟದ ದಾರಕ್ಕೆ ಮರಳಿವೆ.

ಮೊನ್ನೆ ಯಲ್ಲಾಪುರದಿಂದ ಬಂದ ಹುಡುಗಿಯೊಬ್ಬಳು ಹಲ್ಲು ಸರಿಯೇ ಇದೆ, ಫ್ಯಾಶನ್ನಿಗೆ ಹಾಕುವ ಕ್ಲಿಪ್ ಸಿಗುತ್ತದೆಯೇ ಎಂದು ಕೇಳಿದಳು. ದಾಕ್ಷಾಯಿಣಿ ಪ್ರತಿಭಾ ಕಡೆ ನೋಡಿದರು.

ಪ್ರತಿಭಾ ಬಣ್ಣದ ಪಟ್ಟಿಯನ್ನು ಮಡಚಿ ಡ್ರಾಯರಿಗೆ ಹಾಕಿದರು.

“ಮನೇಲಿ ಕಷಾಯ ಕುಡಿತ್ಯನೆ, ಬಿಸಿ ಬಿಸಿ?”

ಹುಡುಗಿ ಹೌದೆಂದಳು.

“ಹಂಗಾರೆ ಬ್ಯಾಡ. ಕೂತ್ಕ, ಹೇಳ್ತೆ.”