ಮೀನಿನ ಮನೆಯ ಸವೇರ್ ಮಾವ ನೀರಿಗಿಳಿದಿದ್ದು

"ಸರಿ, ಓಡ್ವಾಗ ಉಸಿರು ಯಾಕೆ ಜೋರಾಗತ್ತೆ?"

"ಸ್ನಾಯುಗಳಿಗೆ ಆಕ್ಸಿಜನ್ ಜಾಸ್ತಿ ಬೇಕು, ಅದಕ್ಕೆ. ಏನ್ ಟೀಚರಮ್ಮ, ಮುಂದಿಂದು ಕೇಳಿ!"

ನಾನಂತೂ ದಡಕ್ಕೆ ಕಟ್ಟಿದ್ದ ದೋಣೀಲೇ ಕುಣಿದ್ಬಿಟ್ಟೆ! ಸವೇರ್ ಮಾವ ನಮ್ಮಮ್ಮನ ತಮ್ಮ. ಮೀಸೆ ಬರೋ ಮುಂಚೆನೇ ಸ್ಕೂಲ್ ಬಿಟ್ಟು ಹುಟ್ಟು ಹಿಡಿದವ್ರು, ಇವತ್ತಿಗೂ ನಮ್ಮೂರು ಬಿರ್ಗುದಿಂದ ಬಂದರಿನಾಚೆ ವಲೆಟ್ಟಾಗೆ ದೋಣೀಲಿ ಜನರನ್ನ ದಾಟಿಸ್ತಾರೆ. ಸಂಜೆ ಆದ್ರೆ ನಮ್ಮೂರ ಪುಟಾಣಿಗಳಿಗೆ ಫುಟ್‌ಬಾಲ್ ಕಲಿಸ್ತಾರೆ, ಅದೇ ಅವರ ಜೀವ. ಈಗ ಕ್ಲಬ್‌ನವರು ಶುರು ಮಾಡಿದಾರೆ: ಕೋಚ್ ಆಗಿರ್ಬೇಕಾ, ಸ್ಕೂಲ್ ಮಕ್ಕಳು ಬರೆಯೋ ದೈಹಿಕ ಶಿಕ್ಷಣದ ಪರೀಕ್ಷೆ ಪಾಸ್ ಮಾಡಿ. ಅದಕ್ಕೇ ಆ ಮಕ್ಕಳ ಜೊತೆ ಶುಕ್ರವಾರ ಸಂಜೆ ಕ್ಲಾಸು, ಅದಕ್ಕೇ ಓದಿಸೋಕೆ ನಾನು!

"ಥಿಯರಿ ಸೂಪರ್ ಮಾವ! ಬನ್ನಿ, ಈಗ ಪ್ರಾಕ್ಟಿಕಲ್. ಈಜೋಣ."

"ಇವತ್ ಬೇಡ ಕ್ರಿಸ್ಟೆಲ್. ನೀರು ತಣ್ಣಗಿದೆ."

ಹೋದ್ವಾರ ಗಾಳಿ ಅಂದಿದ್ರು, ಅದರ ಹಿಂದಿನ ವಾರ ಹೊಟ್ಟೆನೋವು. ನಾನು ಬಿಡ್ತೀನಾ? ಎಳ್ಕೊಂಡ್ಹೋದೆ. ಮಾವ ದಡದ ಮೆಟ್ಟಿಲಿಳಿದು ಸೊಂಟದವರೆಗೆ ನೀರಲ್ಲಿ ನಿಂತ್ರು, ಆದ್ರೆ ದೋಣಿ ಹಗ್ಗ ಬಿಡ್ತಾನೇ ಇಲ್ಲ. ಮೇಲಿಂದ ಇನ್ನೊಬ್ಬ ದೋಣಿಯವ್ರು, ಚಿಕ್ಕು, ಕೂಗಿದ್ರು: "ಏನೋ ಮೀನು, ಉಪ್ಪು ಜಾಸ್ತಿ ಆಯ್ತಾ?"

ನಮ್ಮಲ್ಲಿ ಮನೆತನಕ್ಕೊಂದು ಅಡ್ಡಹೆಸರು ಇದ್ದೇ ಇರತ್ತೆ. ಮುತ್ತಜ್ಜ ಚಳಿಗಾಲದಲ್ಲಿ ಈ ಬಂದರು ಈಜಿ ದಾಟಿದ್ರಂತೆ, ಅವತ್ತಿಂದ ನಾವೆಲ್ಲ ಮೀನಿನ ಮನೆಯವರು. ಅದಕ್ಕೇ ಸಂಜೆ ಕ್ಲಾಸಿನ ಗ್ರಾತ್ಸಿಯೆಲ್ಲಾ ಮಿಸ್ ಪ್ರಾಕ್ಟಿಕಲ್‌ಗೆ ಇವರನ್ನ ಕೇಳ್ದೇನೇ ಈಜು ಅಂತ ಹಾಕ್ಬಿಟ್ಟಿದ್ರು.

ಚಿಕ್ಕು ಅತ್ಲಾಗೆ ಹೋಗೋವರೆಗೂ ಮಾವ ತಲೆ ಎತ್ತಲಿಲ್ಲ. ಕಿವಿ ಕೆಂಪಗಾಗಿತ್ತು.

"ನಂಗೆ ಈಜು ಬರಲ್ಲ ಕಣೆ."

ನಾನು ಪೆದ್ದಿ ತರ ನಕ್ಕೆ, ತಮಾಷೆ ಅಂದ್ಕೊಂಡು! ಅವರು ನಗಲಿಲ್ಲ.

"ನಾನು ಚಿಕ್ಕವನಿದ್ದಾಗ ಅಪ್ಪ ನೀರಿಗೆ ತಳ್ಳಿದ್ರು, ಕೆಳಗ್ಹೋದೆ. ಆಮೇಲೆ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಮೀನಿನ ಮನೆಯವನಾಗಿ ಈಜು ಬರಲ್ಲ ಅಂತ ಹೇಳೋದು ಹ್ಯಾಗೆ?"

ನಾನೂ ಮೆಟ್ಟಿಲಿಳಿದು ಅವರ ಪಕ್ಕ ನಿಂತೆ.

"ಮಿಸ್‌ಗೆ ಹೇಳಿ, ಬೇರೆ ಆಟ ಹಾಕ್ತಾರೆ. ಶುಕ್ರವಾರದ ಕ್ಲಾಸ್ ತನಕ ಟೈಮಿದೆ."

"ಕ್ಲಾಸಿನ ಆ ಮಕ್ಕಳ ಮುಂದೆನಾ? ಅವ್ರಲ್ಲಿ ಇಬ್ರಿಗೆ ಚೆಂಡು ಒದೆಯೋದು ಕಲಿಸಿದ್ದೇ ನಾನು!"

"ಹೇಳಲ್ಲ ಅಂದ್ರೆ ಫೇಲು. ಪುಟಾಣಿಗಳನ್ನ ಯಾರು ನೋಡ್ಕೋತಾರೆ?"

ಮಾವ ಮೆಟ್ಟಿಲು ಹತ್ತಿ ಒದ್ದೆ ಪ್ಯಾಂಟ್ ಹಿಂಡೋಕೆ ಶುರು ಮಾಡಿದ್ರು.

ಶುಕ್ರವಾರ ನಾನೂ ಜೊತೆಗ್ಹೋದೆ. ಮಾವ ಕ್ಲಾಸಲ್ಲಿ ಎದ್ದು ನಿಂತು, ಟೋಪಿ ಹಿಂಡ್ತಾ, ನೆಲ ನೋಡ್ಕೊಂಡು ಹೇಳೇಬಿಟ್ರು: "ಮಿಸ್, ಈಜು ತೆಗೀರಿ. ನಂಗೆ ಬರಲ್ಲ."

ಹಿಂದಿನ ಬೆಂಚಿನವನೊಬ್ಬ, ಮಾವ ಕಲಿಸಿದ ಹುಡುಗಾನೇ, "ಮೀನು ಮುಳುಗ್ತು!" ಅಂದ. ಇಡೀ ಕ್ಲಾಸ್ ನಕ್ತು. ಮಾವ ನಗೋದಕ್ಕೆ ಹೋದ್ರು, ಮುಖ ಮಾತ್ರ ಒಪ್ಪಲಿಲ್ಲ. ಮಿಸ್ಸೂ ಕೆಂಪಾದ್ರು. "ನಾನೇ ಕೇಳ್ಬೇಕಿತ್ತು ಸವೇರ್. ಕ್ಷಮಿಸಿ," ಅಂತ ಈಜು ಅನ್ನೋದನ್ನ ಹೊಡೆದುಹಾಕಿ ಓಟ ಅಂತ ಬರೆದ್ರು.

ಕ್ಲಾಸ್ ಮುಗಿಸಿ ಇಬ್ರೂ ಮನೆ ಕಡೆ ನಡೆದ್ವಿ. ಬೆಳಗಾಗೋದ್ರೊಳಗೆ ಬಿರ್ಗುಗೆಲ್ಲ ಗೊತ್ತಾಗಿರತ್ತೆ, ಚಿಕ್ಕುಗಂತೂ ಮೊದಲೇ. ಬಾಗಿಲ ಹತ್ರ ಮಾವ ನಿಂತ್ರು.

"ಮುಂದಿನ್ ವಾರ ಬರ್ತೀಯಲ್ಲ?"

"ಓಟ ಪ್ರಾಕ್ಟೀಸ್‌ಗಾ?"

"ಅದೂ ಸರಿ. ಆಮೇಲೆ... ಮಕ್ಕಳು ಈಜು ಕಲಿಯೋ ಆ ಸಣ್ಣ ಕೊಲ್ಲಿ ಇದ್ಯಲ್ಲ, ಅಲ್ಲಿಗೆ. ಬೆಳಿಗ್ಗೆ ಬೇಗ ಬಾ, ಯಾರೂ ಇರಲ್ಲ."

"ಮಂಗಳವಾರ ಬರ್ತೀನಿ ಮಾವ," ಅಂದೆ.