ನಾಷ್ಟಾ ಆಯ್ತಾ ಅಣ್ಣಾ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ನಮ್ಮನೆಯವಳು ಹೇಳ್ತಾಳೆ, ನಮ್ಮೂರಿನೋರು ಹೇಳ್ತಾರೆ, ಹನ್ನೆರಡು ವರ್ಷದಿಂದ ನಾನು ಕಾಯ್ತಿರೋ ಗೇಟಿನಲ್ಲಿ ಓಡಾಡೋರೆಲ್ಲ ಹೇಳ್ತಾರೆ. ಹೇಳಿಕೊಳ್ಳಲಿ ಬಿಡಿ. ಗೇಟಿನಲ್ಲಿ ನಿಲ್ಲೋನು ಬಂದೋರಿಗೆಲ್ಲ ಹಲ್ಲು ಕಿರಿದುಕೊಂಡು ಕೂತರೆ ಆ ಗೇಟಾದರೂ ಯಾಕೆ ಬೇಕು?

ನಮ್ಮ ಹಳ್ಳಿ ಬಂಗಾರಪೇಟೆಗೆ ಹತ್ತಿರ. ಮನೆಯಿಂದ ಸ್ಟೇಷನ್ನಿಗೆ ಸೈಕಲ್ಲು, ಅಲ್ಲಿಂದ ಮಾರಿಕುಪ್ಪಂ ರೈಲು. ಕೋರಮಂಡಲ್‌ನಲ್ಲಿ ಇಳಿದು ಕಾಲು ಗಂಟೆ ನಡೆದರೆ ನಮ್ಮ ಗಾರ್ಮೆಂಟ್ಸು. ಒಳಗೆ ಶರ್ಟು ಹೊಲಿಯೋರು, ಮುಕ್ಕಾಲು ಪಾಲು ಹೆಂಗಸರು. ಹೊರಗೆ ಒಂದು ಕಬ್ಬಿಣದ ಗೇಟು, ಒಂದು ಸ್ಟೂಲು, ನಾನು. ಅಂಗಿಯ ಮೇಲೆ ಸೆಕ್ಯೂರಿಟಿ ಅಂತ ಬರೆದಿದ್ದರೂ ನಮ್ಮೂರಿನೋರು ವಾಚ್‌ಮನ್ನು ಅಂತಲೇ ಕರೀತಾರೆ. ಅದಕ್ಕೂ ನನಗೆ ಉರಿಯುತ್ತೆ.

ಆ ಗೇಟಿನಲ್ಲಿ ನಿಂತು ನಾನು ಕಲಿತ ವಿದ್ಯೆ ಒಂದೇ, ನಡಿಗೆ ನೋಡಿ ಮನುಷ್ಯರನ್ನು ಗುರುತು ಹಿಡಿಯೋದು. ಅದಕ್ಕೆ ಕಾರಣ ಧೂಳು. ಅಲ್ಲಿನ ಚಿನ್ನದ ಗಣಿ ಮುಚ್ಚಿ ಇಷ್ಟು ವರ್ಷವಾದರೂ ಚಿನ್ನ ತೆಗೆದು ಉಳಿದ ಮಣ್ಣು ಸೈನೈಡ್ ಗುಡ್ಡಗಳಾಗಿ ಹಾಗೇ ಬಿದ್ದಿದೆ. ಆಷಾಢದ ಗಾಳಿ ಎದ್ದಿತು ಅಂದರೆ ಆ ಬೂದಿಯಂಥ ಮಣ್ಣು ಕಣ್ಣು, ಮೂಗು, ಊಟದ ಡಬ್ಬಿ ಎಲ್ಲ ಕಡೆ. ಆಗ ನಮ್ಮ ಗೇಟಿಗೆ ಮುಖ ತೆರೆದುಕೊಂಡು ಬರೋರು ಯಾರೂ ಇರೋದಿಲ್ಲ. ಹುಡುಗಿಯರು ದುಪ್ಪಟ್ಟಾ ಸುತ್ತಿಕೊಂಡು ಬರ್ತಾರೆ, ಗಂಡಸರು ಟವೆಲ್ಲು ಕಟ್ಟಿಕೊಂಡು ಬರ್ತಾರೆ. ಕಾಲು ಎಳೆಯೋಳು ಕಟಿಂಗ್‌ನೋಳು, ಚಪ್ಪಲಿ ಪಟಪಟ ಅನ್ನಿಸೋಳು ಗುಂಡಿ ಹಾಕೋಳು, ಹಿಂಗೆ ನೂರು ಗಜ ದೂರದಿಂದಲೇ ಹೇಳ್ತಿದ್ದೆ. ಕೊರೊನಾ ಬಂದಾಗ ಸರ್ಕಾರವೇ ಎಲ್ಲರ ಮುಖ ಮುಚ್ಚಿಸಿತಲ್ಲ, ಮುಚ್ಚದಿದ್ದರೆ ದಂಡ ಅಂತ! ಆಗ ಬೇರೆ ಗೇಟಿನೋರೆಲ್ಲ ಪರದಾಡಿದರು. ನನಗೇನೂ ಕಷ್ಟವಾಗಲಿಲ್ಲ.

ಬಂಗಾರಪೇಟೆಯಿಂದ ಅದೇ ರೈಲಿಗೆ ಬರ್ತಿದ್ದ ಒಬ್ಬ ಹೆಂಗಸು ಇದ್ದಳು. ಶರ್ಟಿಗೆ ಕಾಲರ್ ಕೂರಿಸೋದರಲ್ಲಿ ಅವಳನ್ನು ಮೀರಿಸೋರು ನಮ್ಮ ಫ್ಯಾಕ್ಟರಿಯಲ್ಲಿರಲಿಲ್ಲ. ಕಪ್ಪು ಬುರ್ಖಾ, ಮುಖಕ್ಕೆ ನಖಾಬು, ಕಣ್ಣು ಮಾತ್ರ ಕಾಣೋದು. ಕೈಯಲ್ಲಿ ಹಿಡಿ ಮುರಿದ ನೀಲಿ ಕೊಡೆ. ಒಂಬತ್ತು ವರ್ಷ, ದಿನಾ ಗೇಟಿಗೆ ಬಂದ ಕೂಡಲೇ ಅದೇ ಮಾತು: “ನಾಷ್ಟಾ ಆಯ್ತಾ ಅಣ್ಣಾ?” ಬೇರೆಯೋರೆಲ್ಲ ತಿಂಡಿ ಅಂತಲೋ ಟಿಫನ್ ಅಂತಲೋ ಕೇಳ್ತಿದ್ದರು. ನಾಷ್ಟಾ ಅನ್ನೋ ಮಾತು ಅವಳೊಬ್ಬಳದು. ಅವಳ ಗಂಡ ಸೊಂಟ ಬಿದ್ದುಹೋಗಿ ಮನೆಯಲ್ಲೇ ಇದ್ದ, ದುಡಿಯೋಳು ಇವಳೇ. ನಾನು ಜಗಳಗಂಟ ಅಂತ ಗೊತ್ತಿದ್ದೂ ನನ್ನ ಹತ್ತಿರ ಮನೆ ಕಷ್ಟಸುಖ ಹೇಳಿಕೊಳ್ಳೋಳು.

ಗೇಟಿನ ಪಕ್ಕ ಒಂದು ಪ್ಲೈವುಡ್ ಗೂಡು ಇತ್ತು, ಬಾಗಿಲಿಗೆ ಪರದೆ. ಒಳಗೆ ಚೆಕಿಂಗ್‌ಗೆ ಒಬ್ಬ ಹೆಂಗಸು ಕೂರ್ತಿದ್ದಳು. ಬುರ್ಖಾ ಹಾಕೋರು ಅಲ್ಲಿಗೆ ಹೋಗಿ ನಖಾಬು ಎತ್ತಿ ಕಾರ್ಡಿನ ಫೋಟೋಕ್ಕೆ ಮುಖ ತೋರಿಸಿ ಒಳಗೆ ಹೋಗೋರು. ಎರಡು ನಿಮಿಷದ ಕೆಲಸವೂ ಅಲ್ಲ. ನಾನು ಅವಳ ಮುಖ ಒಂದು ಸಲವೂ ನೋಡಿರಲಿಲ್ಲ, ನೋಡಬೇಕು ಅಂತಲೂ ಅನ್ನಿಸಿರಲಿಲ್ಲ.

ಒಂದು ಆಷಾಢದಲ್ಲಿ ನನಗೆ ಕೆಮ್ಮು ಹತ್ತಿಕೊಂಡು ಹದಿನೈದು ದಿನ ಬಿಡಲಿಲ್ಲ. ಅವಳು ಕಾಲರಿನ ಬಟ್ಟೆಯ ಕಟ್‌ಪೀಸಿನಲ್ಲಿ ಎರಡು ಪದರ ಹಾಕಿ, ಹಿಂದೆ ಕಟ್ಟೋಕೆ ಲಾಡಿ ಕೊಟ್ಟು, ನನಗೊಂದು ಮುಖದ ಬಟ್ಟೆ ಹೊಲಿದು ತಂದಳು. “ಅಣ್ಣಾ, ಇದ್ನ ಕಟ್ಕೊಳ್ಳಿ. ನಿಮ್ಗೂ ಒಂದು ನಖಾಬು” ಅಂದು ನಕ್ಕಳು. ನಾನೂ ನಕ್ಕೆ. ಅದು ಎಷ್ಟು ಚೆನ್ನಾಗಿ ಕೂರೋದು ಅಂದರೆ ಗಾಳಿ ಕಾಲದಲ್ಲಿ ಅದಿಲ್ಲದೆ ನಾನು ಗೇಟಿಗೆ ಬರ್ತಲೇ ಇರಲಿಲ್ಲ.

ಆಮೇಲೆ ಟೀ ಅಂಗಡಿಯಲ್ಲಿ ಚರ್ಚೆ ಶುರುವಾಯಿತು. ಯಾವ ಯಾವುದೋ ದೇಶದಲ್ಲಿ ಮುಖ ಮುಚ್ಚಬಾರದು ಅಂತ ಕಾನೂನು ಮಾಡಿದ್ದಾರಂತೆ, ನಮ್ಮ ಸರ್ಕಾರವೂ ಮಾಡಬೇಕು ಅಂತ ಒಬ್ಬ, ಮಾಡಬಾರದು ಅಂತ ಇನ್ನೊಬ್ಬ. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೋನು ನಾನು. “ಮಾಡ್ಲೇಬೇಕು ಕಣ್ರಿ! ಗೇಟಲ್ಲಿ ನಿಲ್ಲೋನ್ನ ಕೇಳಿ ಅದ್ರ ಕಷ್ಟ. ಒಳ್ಗೆ ಓಗೋನು ಕಳ್ನೋ ಸಾಚಾನೋ ಎಂಗ್ ಗೊತ್ತಾಗ್ತದೆ?” ಅಂದೆ. ಮನೆಗೆ ಬಂದು ಅದನ್ನೇ ಹೆಂಡತಿಗೂ ಒಪ್ಪಿಸಿದೆ. ಅವಳು ರಾಗಿ ಕೇರ್ತಾ ತಲೆ ಎತ್ತಲಿಲ್ಲ. “ನಿನ್ ಮುಖ ಮೂವತ್ತು ವರ್ಷದಿಂದ ನೋಡ್ತಾ ಇವ್ನಿ. ಒಳ್ಗೆ ಏನೈತೋ ಇವತ್ಗೂ ಗೊತ್ತಾಗಿಲ್ಲ” ಅಂದಳು. ಥೂ, ಇವಳ ಬಾಯಿಗೆ! ಆವತ್ತು ಉಂಡು ಮಲಗಿದೆ.

ಗೂಡಿನಲ್ಲಿ ಕೂರ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆ ಅಂತ ಕೆಲಸ ಬಿಟ್ಟಳು. ಮ್ಯಾನೇಜರು ನನ್ನನ್ನು ಕರೆದರು. “ಅವಳ ಜಾಗಕ್ಕೆ ಇನ್ನೊಬ್ಬಳು ಬೇಕೇನಯ್ಯಾ? ಇಲ್ಲ, ಎಲ್ಲರೂ ಮುಖ ತೆರೆದುಕೊಂಡೇ ಬರಲಿ ಅಂದುಬಿಟ್ಟರೆ ನೀನೊಬ್ಬನೇ ನೋಡಿಕೊಳ್ತೀಯಾ?” ಸಾಹೇಬರು ನನ್ನ ಅಭಿಪ್ರಾಯ ಕೇಳಿದ್ದೇ ನನಗೆ ಹೆಚ್ಚಾಗಿತ್ತು. ಎದೆ ಉಬ್ಬಿಸಿ ಹೇಳಿದೆ: “ಸಲೀಸು ಸಾರ್. ಮುಖ ಕಾಣಿಸಿದ್ರೆ ಸಾಕು, ನಾನೊಬ್ನೇ ನೋಡ್ಕೊತೀನಿ.”

ಮೂರನೇ ದಿನ ನೋಟೀಸು ಅಂಟಿಸಿದರು. ಸೋಮವಾರದಿಂದ ಮುಖ ಮುಚ್ಚಿಕೊಂಡವರಿಗೆ ಗೇಟಿನೊಳಗೆ ಪ್ರವೇಶವಿಲ್ಲ.

ನಖಾಬು ಹಾಕಿಕೊಂಡು ಬರ್ತಿದ್ದೋರು ಇಬ್ಬರೇ. ಒಬ್ಬಳು ಚಿಕ್ಕ ಹುಡುಗಿ, ಹೊಸದಾಗಿ ಸೇರಿದ್ದಳು. ಅವಳು ನೋಟೀಸು ಓದಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: “ಒಳ್ಳೇದಾಯ್ತು ಬಿಡಣ್ಣ. ನಮ್ಮಣ್ಣನ ಬಲವಂತಕ್ಕೆ ಆಕ್ಕೊಂತಿದ್ದೆ. ಈಗ ಫ್ಯಾಕ್ಟ್ರಿ ರೂಲ್ಸು ಅಂತ ಯೇಳ್ತೀನಿ.” ನೋಡಿದೆಯಾ, ನಾನು ಹೇಳಿದ್ದೇ ಸರಿ ಅಂತ ಒಳಗೊಳಗೇ ಬೀಗಿದೆ.

ಇನ್ನೊಬ್ಬಳು ಕಾಲರಿನೋಳು. ಅವಳು ಸಂಜೆ ರೈಲಿಗೆ ನಡೀತಾ ನನ್ನ ಜೊತೆ ಹೆಜ್ಜೆ ಹಾಕಿದಳು. ಆಮೇಲೆ ಅಂದಳು: “ಅಣ್ಣಾ, ನೀವು ಸಾಹೇಬ್ರಿಗೆ ಒಂದು ಮಾತು ಹೇಳಿ. ಆ ಗೂಡು ಇರ್ಲಿ. ಯಾರಾದ್ರೂ ಹೆಂಗಸ್ರು ನೋಡ್ಲಿ, ದಿನಾ ಹತ್ತು ಸಲ ನೋಡ್ಲಿ. ನಾನು ಬೇಡ ಅಂತೀನಾ? ನಿಮ್ ಮಾತು ಕೇಳ್ತಾರೆ.”

“ನಿಂಗ್ಯಾರಾದ್ರೂ ಬಲ್ವಂತ ಮಾಡಿ ಆಕ್ಸವ್ರಾ?” ಅಂತ ಕೇಳಿದೆ.

“ಯಾರು ಮಾಡ್ತಾರಣ್ಣ? ನಮ್ಮನೆಯವ್ರು ಎದ್ದು ಕೂರೋಕೂ ನಾನೇ ಹಿಡೀಬೇಕು. ನನ್ ಮಗಳು ಹಾಕಲ್ಲ, ನಾನು ಬೈಯಲ್ಲ. ನಂಗೆ ಹದಿನೈದು ವರ್ಷದಿಂದ ಅಭ್ಯಾಸ. ಇದಿಲ್ದಿದ್ರೆ ಬೀದೀಲಿ ಸೀರೆ ಬಿಚ್ಚಿ ನಿಲ್ಸಿದಂಗಾಗತ್ತೆ.”

ಆಗಲಾದರೂ ನಿಜ ಹೇಳಬಹುದಾಗಿತ್ತು. ಆ ಗೂಡು ಹೋಗಿದ್ದು ನನ್ನ ಮಾತಿನಿಂದ ಕಣಮ್ಮಾ, ನಾಳೆ ಹೋಗಿ ತಪ್ಪಾಯ್ತು ಸಾರ್ ಅಂತೀನಿ ಅನ್ನಬಹುದಾಗಿತ್ತು. ನಾನು ಅಂದಿದ್ದು, “ನಮ್ ಕೈಲಿ ಏನೈತಮ್ಮಾ? ಮೇಲ್ನೋರ ರೂಲ್ಸು.” ಅವಳು ತಲೆಯಾಡಿಸಿ ಲೇಡೀಸ್ ಬೋಗಿ ಕಡೆ ಹೋದಳು.

ಸೋಮವಾರ ಬಂತು. ಬೆಳಗಿನಿಂದಲೇ ಗಾಳಿ, ಗುಡ್ಡದ ಧೂಳು ರಸ್ತೆಗೆ ರಸ್ತೆಯನ್ನೇ ಮುಚ್ಚಿತ್ತು. ಹೊಸ ರೂಲ್ಸಿನ ಮೊದಲ ದಿನ, ಸಾಹೇಬರು ಮೇಲಿನ ಕಿಟಕಿಯಲ್ಲಿ ನಿಂತು ನೋಡ್ತಿದ್ದಾರೆ. ನನಗೆ ಎಲ್ಲಿಲ್ಲದ ಜೋರು. “ಟವೆಲ್ ತೆಗೀಲಾ! ದುಪ್ಪಟ್ಟಾ ಬಿಚ್ಚಮ್ಮಾ! ಮುಖ, ಮುಖ!” ಅಂತ ಕೂಗ್ತಾ, ಯಾರ ನಡಿಗೆ ಕಡೆಗೂ ಕಣ್ಣು ಹಾಕದೆ, ಒಬ್ಬೊಬ್ಬರನ್ನೇ ಬಿಡ್ತಿದ್ದೆ. ಹಿಂದೆ ಸಾಲು ಬೆಳೀತಿತ್ತು, ಬೈಕಿನೋರು ಹಾರ್ನು ಹೊಡೀತಿದ್ದರು.

ಸಾಲಿನಲ್ಲಿ ಒಬ್ಬ ಹೆಂಗಸು ಬಂದಳು. ಮಾಸಲು ಹಸಿರು ಚೂಡಿದಾರ, ತಲೆ ಮೇಲೆ ವೇಲು, ತೆರೆದ ಮುಖ. ನಲವತ್ತರ ಆಸುಪಾಸು, ಗಲ್ಲದ ಹತ್ತಿರ ಸುಟ್ಟ ಕಲೆ. ತಲೆ ಬಗ್ಗಿಸಿಕೊಂಡು ಗೋಡೆಗೆ ಒತ್ತಿಕೊಂಡು ಸರಸರ ಒಳಗೆ ನುಗ್ಗೋಕೆ ನೋಡಿದಳು. ನನಗೆ ನೆತ್ತಿಗೇರಿತು.

“ಏಯ್, ನಿಂತ್ಕೊಳಮ್ಮಾ! ಯಾರು ನೀನು? ಒಸ್ಬಳಾ? ಎಲ್ಲಿ ಕಾರ್ಡು?”

ಕಾರ್ಡು ಕೊಟ್ಟಳು. ಕೊಟ್ಟ ಕೂಡಲೇ ವೇಲನ್ನು ಮುಖದ ಕಡೆ ಎಳ್ಕೊಂಡಳು. ಕಳ್ಳತನಕ್ಕೆ ಬಂದಿರೋಳೇ ಸರಿ ಅಂದುಕೊಂಡೆ. ಹೆಸರು ಇಂಗ್ಲಿಷಿನಲ್ಲಿ, ನನಗೆ ಅದು ಓದೋಕೆ ಬರೋದಿಲ್ಲ. ಫೋಟೋ ಯಾವ ಕಾಲದ್ದೋ, ತೆಳ್ಳಗಿನ ಹುಡುಗಿ, ಕಲೆಯಿಲ್ಲ. ಕಾರ್ಡನ್ನು ಅವಳ ಕೆನ್ನೆಯ ಪಕ್ಕ ಹಿಡಿದು ಅದನ್ನೊಂದು ಸಲ, ಅವಳನ್ನೊಂದು ಸಲ ನೋಡಿದೆ. “ತಲೆ ಎತ್ತಮ್ಮಾ, ಸರ್ಯಾಗಿ ನೋಡ್ಬೇಕು” ಅಂದೆ. ಎತ್ತಿದಳು. ಹಿಂದಿನ ಸಾಲಿನ ಗಂಡಸರೆಲ್ಲ ಕುತ್ತಿಗೆ ಚಾಚಿ ನೋಡ್ತಿದ್ದರು. “ಫೋಟೋನೇ ಒಂದ್ ತರ ಐತೆ, ನೀನೇ ಒಂದ್ ತರ ಇದ್ದೀಯ. ಯಾರ್ ಕಾರ್ಡಮ್ಮಾ ಇದು?”

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣು ತುಂಬಿಕೊಂಡಿತ್ತು. ಮೆಲ್ಲಗೆ ಅಂದಳು:

“ನಾಷ್ಟಾ ಆಯ್ತಾ ಅಣ್ಣಾ?”

ನನ್ನ ಕೈಯಿಂದ ಕಾರ್ಡು ಬಿದ್ದೇ ಹೋಯಿತು. ಏನಾದರೂ ಹೇಳಬೇಕು ಅಂತ ಬಾಯಿ ತೆರೆದರೆ ಉಸಿರು ಬಟ್ಟೆಗೆ ತಾಗಿತು. ಆಗಲೇ ನನಗೆ ಗೊತ್ತಾಗಿದ್ದು. ಬೆಳಗಿನಿಂದ ಎಲ್ಲರ ಮುಖ ತೆಗೆಸ್ತಾ ನಿಂತ ನನ್ನ ಮುಖಕ್ಕೆ ಅವಳು ಹೊಲಿದುಕೊಟ್ಟ ಬಟ್ಟೆ ಕಟ್ಟಿತ್ತು. ಕಣ್ಣೊಂದೇ ಕಾಣ್ತಿತ್ತು. ಆದರೂ ಅವಳಿಗೆ ನಾನು ಯಾರು ಅಂತ ಗೊತ್ತಿತ್ತು.

ಅವಳೇ ಬಗ್ಗಿ ಕಾರ್ಡು ತೆಗೆದುಕೊಂಡು ಒಳಗೆ ಹೋದಳು. ಆ ದಿನ ಪೂರ್ತಿ ಕಾಲರು ಕೂರಿಸಿದಳಂತೆ, ಒಂದೂ ತಪ್ಪಿಲ್ಲದೆ. ಊಟದ ಹೊತ್ತಿನಲ್ಲಿ ಆ ಚಿಕ್ಕ ಹುಡುಗಿ ಬುರ್ಖಾ ಯಾಕೆ ಪೂರ್ತಿ ತೆಗೆದಿರಿ ಅಂತ ಕೇಳಿದ್ದಕ್ಕೆ, “ಬುರ್ಖಾ ಇಟ್ಕೊಂಡು ಮುಖ ತೆರೆದ್ರೆ ಅವಳು ತೆರೆದಳು ಅಂತ ಎಲ್ಲರೂ ನೋಡ್ತಾರೆ. ಚೂಡಿದಾರದಲ್ಲಿ ಬಂದ್ರೆ ಎಲ್ಲರಲ್ಲಿ ಒಬ್ಬಳಾಗಿ ಹೋಗ್ಬಿಡ್ಬೋದು ಅಂದ್ಕೊಂಡೆ” ಅಂದಳಂತೆ. ಅದನ್ನೂ ನಾನು ಆಗಗೊಡಲಿಲ್ಲ. ಮಂಗಳವಾರ ಅವಳು ಬರಲಿಲ್ಲ. ಬುಧವಾರವೂ ಬರಲಿಲ್ಲ.

ಗುರುವಾರ ನಾನು ಸಾಹೇಬರ ರೂಮಿಗೆ ಹೋದೆ. “ಗೂಡು ವಾಪಸ್ ಮಾಡಿ ಸಾರ್, ಕಾಲರಿನ ಆಯಮ್ಮನ್ನ ಕರೆಸಿ” ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. “ಸಲೀಸು ಅಂದೋನು ನೀನೇ ಅಲ್ಲವೇನಯ್ಯಾ?” ಅಂದರು. ಗೇಟಿಗೆ ವಾಪಸು ಬಂದೆ. ಗೂಡಿನಲ್ಲಿ ಈಗ ನೀರಿನ ಖಾಲಿ ಕ್ಯಾನುಗಳನ್ನು ಜೋಡಿಸಿದ್ದಾರೆ.

ಆ ಚಿಕ್ಕ ಹುಡುಗಿ ಇನ್ನೂ ಬರ್ತಾಳೆ, ಮುಖ ತೆರೆದುಕೊಂಡು, ನಗ್ತಾ. ಒಂದು ದಿನ ಅವಳೇ ಅಂದಳು: “ನಂಗೆ ಒಳ್ಳೇದಾಯ್ತಣ್ಣ, ಅವ್ರಿಗೆ ಕೆಟ್ದಾಯ್ತು. ಒಂದೇ ನೋಟೀಸು ನೋಡಿ.” ಟೀ ಅಂಗಡಿಯಲ್ಲಿ ಈಗಲೂ ಆ ಚರ್ಚೆ ಬರುತ್ತೆ. ಸರ್ಕಾರ ನಿಷೇಧ ಮಾಡಬೇಕಾ, ಬೇಡವಾ? ನನಗೆ ಮೊದಲಿನ ಹಾಗೆ ಗಟ್ಟಿಯಾಗಿ ಕೂಗೋಕೆ ಆಗೋದಿಲ್ಲ. ಬ್ಯಾಂಕಿನಲ್ಲಿ, ಪರೀಕ್ಷೆಯಲ್ಲಿ, ಓಟು ಹಾಕೋವಾಗ ಮುಖ ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದು ಪರದೆ, ಒಬ್ಬ ಹೆಂಗಸು ಇದ್ದರೆ ಅದು ಎಲ್ಲಾದರೂ ನಡೆಯೋ ಕೆಲಸ, ನಮ್ಮ ಗೇಟಿನಲ್ಲೇ ನಡೆದಿತ್ತು. ಬೀದಿಯಲ್ಲಿ, ರೈಲಿನಲ್ಲಿ ನನಗೇನು ಆಗಬೇಕು ಅವಳ ಮುಖದಿಂದ? ಹಾಗಂತ ಅಣ್ಣನ ಬಲವಂತಕ್ಕೆ ಹಾಕಿಕೊಂಡಿದ್ದ ಆ ಹುಡುಗಿಯನ್ನು ನೆನೆದರೆ ಆ ಮಾತೂ ಪೂರ್ತಿ ಸರಿ ಅನ್ನಿಸೋದಿಲ್ಲ. ಇಬ್ಬರನ್ನೂ ಕೂರಿಸಿ ನಿಮಗೇನು ಬೇಕಮ್ಮಾ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಒಬ್ಬಳು ಕೇಳದೆಯೇ ಬಾಯಿಬಿಟ್ಟು ಹೇಳಿದಾಗ ಸುಳ್ಳು ಹೇಳಿ ಜಾರಿಕೊಂಡೆ.

ಅವಳು ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಲೇಡೀಸ್ ಟೈಲರ್ ಅಂಗಡಿ ಸೇರಿದ್ದಾಳೆ, ಬಸ್ಸಿನಲ್ಲಿ ಓಡಾಡ್ತಾಳೆ ಅಂತ ಯಾರೋ ಹೇಳಿದರು. ಅವಳ ಮನೆ ಬೀದಿ ನನಗೆ ಗೊತ್ತು. ಎರಡು ಸಲ ಸೈಕಲ್ಲು ಆ ಕಡೆ ತಿರುಗಿಸಿ ವಾಪಸು ಬಂದೆ. ಯಾವ ಮುಖ ಇಟ್ಕೊಂಡು ಹೋಗಲಿ?

ಹೋದ ತಿಂಗಳು ಬಂಗಾರಪೇಟೆ ಪ್ಲಾಟ್‌ಫಾರಂನಲ್ಲಿ ನಿಂತಿದ್ದೆ. ಆ ತುದಿಯಲ್ಲಿ ಜನರ ಮಧ್ಯೆ ನಾಲ್ಕೈದು ಕಪ್ಪು ಬುರ್ಖಾ, ಎಲ್ಲವೂ ನಖಾಬಿನೋವೇ. ಕೊಡೆಯೂ ಇರಲಿಲ್ಲ. ಒಂದು ಬುರ್ಖಾ ನಡೆದುಕೊಂಡು ಬರೋದು ಕಂಡಿತು, ಅವಳೇ ಅಂತ ನನಗೆ ಅಷ್ಟು ದೂರದಿಂದಲೇ ಗೊತ್ತಾಗಿಹೋಯಿತು. ಜನರನ್ನು ತಳ್ಳಿಕೊಂಡು ಅವಳ ಮುಂದೆ ಹೋಗಿ ನಿಂತೆ. ತಪ್ಪಾಯ್ತಮ್ಮಾ ಅನ್ನಬೇಕು ಅಂತಿದ್ದೆ, ಬಾಯಿಗೆ ಬಂದಿದ್ದು ಬೇರೆ.

“ನಾಷ್ಟಾ ಆಯ್ತೇನಮ್ಮಾ?”

ಅವಳು ನಿಂತಳು. ನಖಾಬಿನ ಮೇಲಿನ ಕಣ್ಣು ನನ್ನನ್ನೇ ನೋಡಿದವು. ರೈಲು ಬಂದು ನಿಂತು ಜನ ಹತ್ತೋಕೆ ಶುರು ಮಾಡಿದ್ದರು.

“ಈಗ ಗುರ್ತು ಸಿಕ್ತಾ ಅಣ್ಣಾ?” ಅಂತ ಕೇಳಿದಳು.